ದೀಪಕ್ಕೆ ಅಡ್ಡ ಬಂದ ಅಮ್ಮ

ಮನುಷ್ಯರ ಜೊತೆ ಜಗಳವಾಡಿದರೆ ಇಬ್ಬರ ತಲೆ ಕೆಡುತ್ತದೆ, ಯಂತ್ರದ ಜೊತೆ ಆಡಿದರೆ ನಮ್ಮದೊಂದೇ. ಇದು ಗೊತ್ತಿದ್ದೂ ಅವತ್ತು ಎರ್ನಾಕುಳಂ ಪಕ್ಕದ ಕಾಕ್ಕನಾಡಿನ ನಮ್ಮ ಆಫೀಸಿನಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ನಾನು ಬೈಯುತ್ತಿದ್ದೆ. ಪಕ್ಕದ ಮೇಜಿನವರಿಗೆ ಕನ್ನಡ ಬರುವುದಿಲ್ಲ, ಅದೊಂದು ಅನುಕೂಲ. ಕಂಪ್ಯೂಟರಿನಿಂದ ಸೀರಿಯಲ್ ಕೇಬಲ್ ಮೂಲಕ ಒಂದು ಅಕ್ಷರ ಕಳಿಸಿದರೆ ಪೆಟ್ಟಿಗೆ ಮಿನುಗಬೇಕು, ವಾಪಸ್ ಒಂದು ಅಕ್ಷರ ಕಳಿಸಬೇಕು. ಅದು ಬಾಯಲ್ಲಿ ಕಡುಬು ತುರುಕಿಕೊಂಡ ಹಾಗೆ ಸುಮ್ಮನೆ ಕೂತಿತ್ತು.

ಕೆಲಸ ಇದು. ತಿರುವನಂತಪುರದ ಉಳ್ಳೂರಿನ ಹತ್ತಿರ ಒಂದು ಆಸ್ಪತ್ರೆ. ಅಲ್ಲಿ ಅಪಸ್ಮಾರದ ರೋಗಿಗಳನ್ನು ಕ್ಯಾಮರಾದ ಮುಂದೆ ಮಲಗಿಸಿ, ತಲೆಗೆ ತಂತಿಗಳನ್ನು ಅಂಟಿಸಿ, ಮಾತ್ರೆ ಕಡಿಮೆ ಮಾಡಿ, ಫಿಟ್ಸ್ ಬರುವವರೆಗೆ ಕಾಯುತ್ತಾರೆ. ಕೇಳಿದರೆ ಕ್ರೂರ ಅನ್ನಿಸುತ್ತದೆ. ಆದರೆ ಮಾತ್ರೆಗೆ ಬಗ್ಗದ ಫಿಟ್ಸ್ ಇರುವವರಿಗೆ ಮಿದುಳಿನ ಯಾವ ಮೂಲೆಯಿಂದ ಅದು ಹೊರಡುತ್ತದೆ ಎಂದು ತಿಳಿದರೆ ಆ ಮೂಲೆಯನ್ನು ಮಾತ್ರ ಆಪರೇಷನ್ ಮಾಡಿ ತೆಗೆಯಬಹುದು. ಅದಕ್ಕೆ ಮಿದುಳಿನ ಅಲೆ ಮೊದಲು ಎದ್ದಿತೋ, ಕೈಬೆರಳು ಮೊದಲು ಸೆಟೆಯಿತೋ ಗೊತ್ತಾಗಬೇಕು. ಅಲೆ ಮೊದಲಾದರೆ ಮೂಲ ಸಿಕ್ಕಿದ ಹಾಗೆ. ಬೆರಳು ಮೊದಲಾದರೆ ಮೂಲ ಇನ್ನೆಲ್ಲೋ ಒಳಗಿದೆ, ತಂತಿಗೆ ಸುದ್ದಿ ತಡವಾಗಿ ಮುಟ್ಟಿದೆ ಎಂದರ್ಥ. ಎರಡರ ನಡುವಿನ ಅಂತರ ಕಣ್ಣು ಮಿಟುಕಿಸುವಷ್ಟು.

ಆಸ್ಪತ್ರೆಯ ಹಳೆಯ ಕ್ಯಾಮರಾ ಕೆಟ್ಟು ಹೊಸದು ಬಂದಿತ್ತು. ಅಲೆ ದಾಖಲಿಸುವ ಯಂತ್ರ ಒಂದು ಕಂಪನಿಯದು, ವಿಡಿಯೋ ಇನ್ನೊಂದರದ್ದು, ಎರಡಕ್ಕೂ ತಮ್ಮ ತಮ್ಮ ಗಡಿಯಾರ. ಅತ್ತೆ ಸೊಸೆಯ ಹಾಗೆ ಒಂದಕ್ಕೊಂದು ಮಾತಿಲ್ಲ. ನಡುವೆ ರಾಜಿ ಮಾಡಿಸುವುದು ನಮ್ಮ ಪೆಟ್ಟಿಗೆಯ ಕೆಲಸ. ಕಂಪ್ಯೂಟರ್ ಪ್ರತಿ ನಿಮಿಷಕ್ಕೊಮ್ಮೆ ಅಪ್ಪಣೆ ಕೊಟ್ಟಾಗ ಪೆಟ್ಟಿಗೆ ಅದೇ ಕ್ಷಣದಲ್ಲಿ ಎರಡು ಕೆಲಸ ಮಾಡಬೇಕು: ಕ್ಯಾಮರಾಕ್ಕೆ ಕಾಣುವ ಹಾಗೆ ಒಂದು ಕೆಂಪು ದೀಪ ಮಿನುಗಿಸಬೇಕು, ಅಲೆಯ ಯಂತ್ರದ ಖಾಲಿ ತಂತಿಯೊಂದಕ್ಕೆ ಒಂದು ಮಿಡಿತ ಕಳಿಸಬೇಕು. ಆಮೇಲೆ ದೀಪ ಮತ್ತು ಮಿಡಿತವನ್ನು ಕೂಡಿಸಿದರೆ ಎರಡು ಗಡಿಯಾರ ಒಂದಾಗುತ್ತವೆ. ಕಂಪ್ಯೂಟರಿನ ಅಪ್ಪಣೆ ಕೇಬಲ್ಲಿನಲ್ಲಿ ಚೂರು ತಡವಾದರೂ ಚಿಂತೆಯಿಲ್ಲ, ಪೆಟ್ಟಿಗೆಯಿಂದ ಎರಡೂ ಒಟ್ಟಿಗೆ ಹೊರಟರೆ ಸಾಕು.

ಹೊರಡುವುದಿರಲಿ, ಅದು ಏಳುತ್ತಲೇ ಇರಲಿಲ್ಲ. ಸಂಪರ್ಕದ ವೇಗ ಎರಡು ಕಡೆಯೂ ಒಂದೇ ಇದೆಯಾ ಎಂದು ನೋಡಿದೆ, ಇತ್ತು. ಕೇಬಲ್ ಬದಲಿಸಿದೆ. ತಂತಿಗಳನ್ನು ಅದಲುಬದಲು ಮಾಡಿದೆ. ಕೊನೆಗೆ ಸಿಟ್ಟಿನಿಂದ ಒಂದೇ ಅಕ್ಷರವನ್ನು ಟಕ ಟಕ ಒತ್ತುತ್ತಾ ಕೂತಾಗ ಏಕಾಏಕಿ ಉತ್ತರ ಬಂತು. ಆಮೇಲೆ ಹೊಳೆಯಿತು: ಕಂಪ್ಯೂಟರ್ ಸಂಪರ್ಕ ತೆರೆದ ಕೂಡಲೇ ಈ ಪೆಟ್ಟಿಗೆ ಒಮ್ಮೆ ಸತ್ತು ಹುಟ್ಟುತ್ತದೆ. ಅದು ಕಣ್ಣುಜ್ಜಿಕೊಂಡು ಏಳುವ ಮೊದಲೇ ನಮ್ಮ ಪ್ರೋಗ್ರಾಮ್ ಅಪ್ಪಣೆ ಕೊಟ್ಟು, ಉತ್ತರ ಬರಲಿಲ್ಲವೆಂದು ಮುನಿಸಿಕೊಂಡು ಸಂಪರ್ಕ ಮುಚ್ಚಿ, ಮತ್ತೆ ತೆರೆಯುತ್ತಿತ್ತು. ಪೆಟ್ಟಿಗೆ ಮತ್ತೆ ಸಾಯುತ್ತಿತ್ತು. 'ನಾನು ಸಿದ್ಧ' ಎಂದು ಪೆಟ್ಟಿಗೆಯೇ ಹೇಳುವವರೆಗೆ ಪ್ರೋಗ್ರಾಮ್ ಕಾಯಬೇಕು ಎಂದು ನಾಲ್ಕು ಸಾಲು ಸೇರಿಸಿದೆ. ಸಮಸ್ಯೆ ಹೋಯಿತು.

ಮುಂದಿನದ್ದು ಮಿಡಿತ. ದೀಪ ಮಿನುಗಿತು, ಅಲೆಯ ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಕೆಲವೊಮ್ಮೆ ಬರುತ್ತದೆ, ಹೆಚ್ಚು ಸಲ ಇಲ್ಲ. ನಮ್ಮ ಮಿಡಿತ ತೀರಾ ಗಿಡ್ಡ, ಯಂತ್ರ ಒಂದು ಅಳತೆ ತೆಗೆದು ಇನ್ನೊಂದನ್ನು ತೆಗೆಯುವ ನಡುವಿನ ಸಂದಿಯಲ್ಲಿ ಬಂದು ಹೋಗುತ್ತಿತ್ತು. ಉದ್ದ ಮಾಡಿದೆ. ಆಮೇಲೆ ಒಂದೂ ತಪ್ಪಲಿಲ್ಲ. ಕುರ್ಚಿಯನ್ನು ಮಂಚ ಎಂದುಕೊಂಡು, ಅದರ ಮೇಲಿಟ್ಟ ನನ್ನ ಬ್ಯಾಗನ್ನು ರೋಗಿ ಎಂದುಕೊಂಡು, ಪಕ್ಕದಲ್ಲಿ ದೀಪ ನಿಲ್ಲಿಸಿ, ಆಸ್ಪತ್ರೆಯದೇ ಮಾದರಿಯ ಕ್ಯಾಮರಾ ಇಟ್ಟು ದಿನವಿಡೀ ಓಡಿಸಿದೆವು. ಎಲ್ಲ ಪಾಸು. ನಮ್ಮ ಬಾಸ್ ಬೆನ್ನು ತಟ್ಟಿ, 'ಬೇಗ ಹೊರಡಿ, ಅಲ್ಲಿ ಪೇಷೆಂಟಿಗೆ ಮಾತ್ರೆ ಕಡಿಮೆ ಮಾಡಲು ಶುರು ಮಾಡಿದ್ದಾರಂತೆ' ಎಂದರು. ಮಾತ್ರೆ ನಿಲ್ಲಿಸುವುದು ಪೆಟ್ಟಿಗೆ ಬಂದ ಮೇಲೆ ಎಂದು ನಾನು ತಿಳಿದಿದ್ದೆ.

ಎರ್ನಾಕುಳಂನಿಂದ ಬೆಳಗಿನ ರೈಲು ಹಿಡಿದು, ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಹೋದೆ.

ವಾರ್ಡಿನ ಕೋಣೆಯಲ್ಲಿ ಮಂಚದ ಕೆಳಗೆ ತೂರಿ ತಂತಿ ಎಳೆಯುವಾಗ ಮಂಚದ ಕಬ್ಬಿಣ ಹಣೆಗೆ ಬಡಿದು, 'ಅಯ್ಯೋ ನಿನ್ನ ಮನೆ ಕಾಯ್ವಾಗ' ಎಂದೆ. ಮೇಲಿನಿಂದ ಒಂದು ಹೆಂಗಸಿನ ದನಿ ಬಂತು. 'ನೀವು ಕನ್ನಡದವರಾ? ಹೊರಗೆ ಬನ್ನಿ ಮಾರಾಯ್ತಿ, ಮುಖ ನೋಡುವ!'

ರೋಗಿಯ ತಾಯಿ. ಕೇರಳದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಇರುವ ಮನೆಯವರಿಗೆ ಬೈಸ್ಟ್ಯಾಂಡರ್ ಎನ್ನುತ್ತಾರೆ. ಆಕೆಯ ಕೊರಳಲ್ಲೂ ಆ ಚೀಟಿ ನೇತಾಡುತ್ತಿತ್ತು. ಕಾಸರಗೋಡಿನವರು. ಗಂಡನಿಗೆ ಇಲ್ಲಿ ಸರ್ಕಾರಿ ಕಾನೂನು ಇಲಾಖೆಯಲ್ಲಿ ಕೆಲಸ. ಮಗಳು ಇಲ್ಲೇ ಬೆಳೆದವಳು, ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಸಣ್ಣವಳಿದ್ದಾಗಿನಿಂದ ಫಿಟ್ಸ್. ಮಾತ್ರೆಯ ಮೇಲೆ ಮಾತ್ರೆ ಬದಲಿಸಿ ಆಗಿದೆ. ತಾಯಿ ಕನ್ನಡದಲ್ಲಿ ಕೇಳುತ್ತಿದ್ದರು, ಮಗಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ನನ್ನ ಮನೆಯಲ್ಲಿ ಮಗನದ್ದೂ ಇದೇ ಕಥೆ, ಹಾಗಾಗಿ ನನಗೇನೂ ಹೊಸದಾಗಿ ಕಾಣಲಿಲ್ಲ.

ತಲೆ ತುಂಬ ಬಿಳಿ ಬ್ಯಾಂಡೇಜು, ಅದರಿಂದ ಜಡೆಯ ಹಾಗೆ ಇಳಿದ ಬಣ್ಣ ಬಣ್ಣದ ತಂತಿ. ಹುಡುಗಿ ನನ್ನ ಪೆಟ್ಟಿಗೆಯನ್ನು ಓರೆಗಣ್ಣಿನಿಂದ ನೋಡಿ, 'ಚೇಚೀ, ಷಾಕ್ ಅಡಿಕ್ಕುಮೋ?' ಎಂದಳು, ಅಕ್ಕಾ, ಶಾಕ್ ಹೊಡೆಯುತ್ತಾ ಎಂದು.

'ಶಾಕ್ ಹೊಡೆದರೆ ಮೊದಲು ನನಗೆ ಹೊಡೆಯುತ್ತೆ' ಎಂದೆ. ಅವಳಿಗೆ ನಗು ಬಂತು.

'ಇವಳದ್ದು ಒಂದೇ ಹಟ,' ತಾಯಿ ಹೇಳಿದರು. 'ಸ್ಕೂಟರ್ ಬಿಡ್ಬೇಕಂತೆ. ಎಷ್ಟು ಸಲ ಹೇಳಿದ್ದೇನೆ, ಫಿಟ್ಸ್ ಇರುವವರಿಗೆ ಲೈಸೆನ್ಸ್ ಕೊಡುದಿಲ್ಲ ಅಂತ. ಆಪರೇಷನ್ ಆದ್ರೆ ಕೊಡ್ತಾರಲ್ಲ ಅಂತ ಕೇಳ್ತಾಳೆ. ತಲೆ ಕೊಯ್ಯುದು ಸ್ಕೂಟರಿಗೆ! ಕೇಳಿದ್ದೀರಾ ಎಲ್ಲಿಯಾದ್ರೂ?'

ಹುಡುಗಿ ಕಣ್ಣು ತಿರುಗಿಸಿದಳು. ನಾನು ಮಂಚದ ತಲೆಯ ಕಡೆ, ಬಲಕ್ಕೆ, ಒಂದು ಸಣ್ಣ ಕಂಬ ಕಟ್ಟಿ ದೀಪ ಸಿಕ್ಕಿಸಿದೆ. ಕಾಕ್ಕನಾಡಿನಲ್ಲಿ ಬ್ಯಾಗಿನ ಬಲಕ್ಕೇ ಇತ್ತಲ್ಲ.

ಶುರು ಮಾಡಿದ ಕೂಡಲೇ ಪರದೆಯ ಮೇಲೆ ಅಲೆಗಳೆಲ್ಲ ದಪ್ಪ ಹುಳುಗಳಾದವು. ಮಾನಿಟರ್ ಕೋಣೆಯ ಟೆಕ್ನಿಷಿಯನ್ ಬಹಳ ಸಮಾಧಾನದ ಮನುಷ್ಯ, ಅವನೇ ಬೆಚ್ಚಿದ. ಗೋಡೆಯ ಕರೆಂಟು ನಮ್ಮ ಕೇಬಲ್ ಹಿಡಿದು ಅಲೆಯ ಯಂತ್ರದೊಳಗೆ ನುಗ್ಗಿತ್ತು. ಪೆಟ್ಟಿಗೆ ಮತ್ತು ಯಂತ್ರದ ನಡುವೆ ಬೆಳಕಿನ ಮೂಲಕ ಮಾತ್ರ ಮಿಡಿತ ದಾಟಿಸುವ ಒಂದು ಸಣ್ಣ ತುಣುಕು ಹಾಕಿದ ಮೇಲೆ ಹುಳುಗಳು ಮಾಯವಾಗಿ ಸಪೂರ ಗೆರೆಗಳು ಬಂದವು. ಮಂಚದ ಪಕ್ಕ ಒತ್ತುಗುಂಡಿಯೊಂದನ್ನೂ ಜೋಡಿಸಿದೆವು. ಫಿಟ್ಸ್ ಶುರುವಾದದ್ದು ಕಂಡ ಕೂಡಲೇ ಬೈಸ್ಟ್ಯಾಂಡರ್ ಒತ್ತಬೇಕು, ಆಗ ನಿಮಿಷದ ಮಿಡಿತಕ್ಕೆ ಕಾಯದೆ ಪೆಟ್ಟಿಗೆ ಆ ಕ್ಷಣವೇ ಇನ್ನೊಂದು ಗುರುತು ಹಾಕುತ್ತದೆ. ತಾಯಿ ಹಲವು ಸಲ ಒತ್ತಿ ಅಭ್ಯಾಸ ಮಾಡಿದರು. ದೀಪ ಮಿನುಗುತ್ತಿತ್ತು, ಮಿಡಿತ ಬರುತ್ತಿತ್ತು. ಸಂಜೆಯ ರೈಲಿಗೆ ಟಿಕೆಟ್ ಕಾದಿರಿಸಿದೆ.

ಮಧ್ಯಾಹ್ನ ಊಟದ ಮೇಲೆ ಹುಡುಗಿಗೆ ಜೋಂಪು ಹತ್ತಿತು. ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದರು. ಕ್ಯಾಮರಾ ತಾನಾಗಿ ಕತ್ತಲೆಯ ಕಪ್ಪುಬಿಳುಪು ನೋಟಕ್ಕೆ ಹೊರಳಿತು. ನಾನು ಮಾನಿಟರ್ ಕೋಣೆಯಲ್ಲಿ ಕೇಬಲ್ ಸುತ್ತುತ್ತಿದ್ದೆ. ಟೆಕ್ನಿಷಿಯನ್ ಕುರ್ಚಿಯಲ್ಲಿ ನೆಟ್ಟಗೆ ಕೂತ. 'ವರುನ್ನುಂಡು,' ಎಂದ, ಬರ್ತಾ ಇದೆ ಎಂದು.

ಹುಡುಗಿಯ ಬಾಯಿಂದ ಒಂದು ಸದ್ದು. ತಾಯಿ ಎದ್ದವರೇ ಮಂಚದ ಪಕ್ಕದ ಲೈಟು ಹಾಕಿದರು, ಗುಂಡಿ ಒತ್ತಿದರು, ಆಮೇಲೆ ದಿಂಬಿನ ಕೆಳಗೆ ಕೈ ಹಾಕಿ ಒಂದು ದೊಡ್ಡ ಬೀಗದ ಕೈ ಗೊಂಚಲು ಎಳೆದು ಮಗಳ ಬಲಗೈಗೆ ತುರುಕಿ, ಮೈಮೇಲೆ ಬಿದ್ದು ಹಿಡಿದುಕೊಂಡರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆಯೂ ಇದೆ. ನಮ್ಮಜ್ಜಿ ಕುಡುಗೋಲನ್ನೇ ತರುತ್ತಿದ್ದರು. ಅದರಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಆ ಹೊತ್ತಿನಲ್ಲಿ ಸುಮ್ಮನೆ ನಿಲ್ಲಲು ಯಾವ ಕೈಯೂ ಒಪ್ಪುವುದಿಲ್ಲ.

ನರ್ಸುಗಳು ಓಡಿದರು. ಸ್ವಲ್ಪ ಹೊತ್ತಿಗೆ ಎಲ್ಲ ಶಾಂತವಾಯಿತು. 'ಸಿಕ್ಕಿತು' ಎಂದು ಟೆಕ್ನಿಷಿಯನ್ ನಿಟ್ಟುಸಿರು ಬಿಟ್ಟ. ನಾನು ವಿಡಿಯೋ ಹಿಂದಕ್ಕೆ ಓಡಿಸಿದೆ.

ಕೆಂಪು ದೀಪ ಇರಲಿಲ್ಲ. ದೀಪ ಇರಬೇಕಾದ ಕಡೆ ತಾಯಿಯ ಬೆನ್ನಿತ್ತು. ಫಿಟ್ಸ್ ಮುಗಿಯುವವರೆಗೆ ಆ ಬೆನ್ನು ಅಲ್ಲಿಂದ ಕದಲಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮೊದಲಿನ ಗುರುತುಗಳನ್ನೂ ಆಮೇಲಿನ ಗುರುತುಗಳನ್ನೂ ಕೂಡಿಸಿ ನೋಡಿದರೆ ಲೆಕ್ಕ ಹೊಂದುತ್ತಿಲ್ಲ. ನಡುವೆ ವಿಡಿಯೋ ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಕಳೆದುಕೊಂಡಿದೆ. ಯಾಕೆ ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಲೈಟು ಹಾಕಿದ ಕೂಡಲೇ ಕ್ಯಾಮರಾ ಕತ್ತಲೆಯ ನೋಟದಿಂದ ಬೆಳಕಿನ ನೋಟಕ್ಕೆ ಹೊರಳಲು ತಡಕಾಡಿ ಚಿತ್ರಗಳನ್ನು ನುಂಗಿತ್ತು. ಒಂದೇ ಸಲ ನುಂಗಿತೋ, ಹಲವು ಸಲ ಚೂರು ಚೂರಾಗಿಯೋ, ಹೇಳಲು ದಾರಿಯಿಲ್ಲ. ಲೈಟು ಹಾಕುವ ಮೊದಲಿನ ಚಿತ್ರದಲ್ಲಿ ಹುಡುಗಿಯ ಬೆರಳು ಸಡಿಲ, ಕ್ಯಾಮರಾ ಸರಿಯಾಗಿ ಕಣ್ಣು ಬಿಡುವಾಗ ಬಿಗಿ. ನಮಗೆ ಬೇಕಿದ್ದ ಕ್ಷಣವೇ ಅದರ ಹೊಟ್ಟೆಯೊಳಗೆ ಹೋಗಿತ್ತು. ಕ್ಯಾಮರಾ ತಾನಾಗಿ ಹೊರಳದ ಹಾಗೆ ಬಿಗಿಯುವ ಒಂದು ಆಯ್ಕೆ ಇದೆ, ನಾನು ಅದನ್ನು ಮುಟ್ಟಿರಲಿಲ್ಲ. ಕಾಕ್ಕನಾಡಿನಲ್ಲಿ ಯಾರೂ ಏಕಾಏಕಿ ಲೈಟು ಹಾಕಿರಲಿಲ್ಲ. ನನ್ನ ಬ್ಯಾಗಿಗೆ ಅಮ್ಮ ಇರಲಿಲ್ಲ.

ಬಾಸ್‌ಗೆ ಫೋನ್ ಮಾಡಿದೆ. 'ಬಹುಶಃ ಮೊದಲ ಕ್ಷಣದಲ್ಲೇ ಆ ಚಿತ್ರಗಳೆಲ್ಲಾ ಹೋಗಿರುತ್ತೆ,' ಎಂದರು. 'ಹಾಗಂತ ಹಿಡಿದು ಹೊಂದಿಸಿ. ನಮ್ಮ ಪೆಟ್ಟಿಗೆ ಪಾಸಾಗಿದೆ. ತಪ್ಪು ಕ್ಯಾಮರಾದ್ದು, ನಮ್ಮದಲ್ಲ.'

'ಹಾಗೆ ಹಿಡಿದರೆ ಅಲೆ ಮೊದಲು ಬರುತ್ತೆ ಸಾರ್. ಬೇರೆ ಥರ ಹಿಡಿದರೆ ಬೆರಳು ಮೊದಲು. ಎರಡೂ ಮಾಡಿ ನೋಡಿದೆ.'

'ನೀವು ಅಲ್ಲಿದ್ದೀರಿ. ನೀವೇ ನೋಡಿ ಹೇಳಿ' ಎಂದು ಇಟ್ಟರು. ಗಂಡಾಂತರ ಬಂದಾಗ ಜವಾಬ್ದಾರಿ ಹಂಚುವುದರಲ್ಲಿ ನಮ್ಮ ಬಾಸ್ ಧಾರಾಳಿ.

ಡಾಕ್ಟರು ಒಳಗೆ ಬಂದರು. ವಯಸ್ಸಾದ ಹೆಂಗಸು, ಮಾತು ಕಡಿಮೆ. ನಿಂತೇ ಕೇಳಿದರು. 'ಈ ರೆಕಾರ್ಡಿಂಗ್ ನಂಬಬಹುದಾ? ಹೌದು ಅಂದರೆ ಈಗಲೇ ಮಾತ್ರೆ ಮತ್ತೆ ಶುರು ಮಾಡುತ್ತೇನೆ. ಇಲ್ಲ ಅಂದರೆ ಇನ್ನೊಂದು ಬರುವವರೆಗೆ ಕಾಯಬೇಕು. ನಾಳೆ ಸಂಜೆಯ ಮೇಲೆ ನಾನು ಕಾಯಿಸುವುದಿಲ್ಲ. ಮಾತ್ರೆಯಿಲ್ಲದೆ ಬಂದದ್ದು ಕೆಲವೊಮ್ಮೆ ನಿಲ್ಲುವುದೇ ಇಲ್ಲ.'

ಹೌದು ಎನ್ನಲು ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು, ಸುಳ್ಳೇಕೆ ಹೇಳಲಿ. ಹೌದು ಎಂದರೆ ಹುಡುಗಿಗೆ ಈಗಲೇ ಮಾತ್ರೆ, ನನಗೆ ಸಂಜೆಯ ರೈಲು. ಆದರೆ ಆ ಹೌದನ್ನು ಹಿಡಿದುಕೊಂಡು ಯಾರೋ ಅವಳ ತಲೆಬುರುಡೆ ತೆರೆಯುತ್ತಾರೆ. ತಪ್ಪು ಮೂಲೆಯನ್ನು ತೆಗೆದರೆ ಫಿಟ್ಸೂ ಉಳಿಯುತ್ತದೆ, ಬೇರೇನೋ ಹೋಗುತ್ತದೆ. ಇಲ್ಲ ಎಂದರೆ ಅವಳು ಇನ್ನೊಂದು ಸಲ ಅದನ್ನು ಅನುಭವಿಸಬೇಕು, ಅದೂ ನನ್ನ ಮಾತಿನಿಂದ.

'ಇಲ್ಲ ಡಾಕ್ಟರ್,' ಎಂದೆ. 'ನಂಬಬೇಡಿ.'

ಅವರು ಬಾಗಿಲಿಗೆ ತಿರುಗಿದರು. 'ಸರಿ. ತಾಯಿಗೆ ನೀವೇ ಹೇಳಿ. ಅವರ ಭಾಷೆ ನಿಮಗೆ ಬರುತ್ತದಲ್ಲ.'

ಕೋಣೆಗೆ ಹೋದೆ. ಹುಡುಗಿ ಎದ್ದಿದ್ದಳು, ಕಚ್ಚಿಕೊಂಡ ತುಟಿ ಊದಿತ್ತು. ತಾಯಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಬಾಯಿಗೆ ಬಂದ ಹಾಗೆ ಹೇಳಿ ಮುಗಿಸಿದೆ: ದೀಪ ಕಾಣಲಿಲ್ಲ, ಕ್ಯಾಮರಾದಲ್ಲಿ ನಾನು ಮಾಡಬೇಕಾದ್ದು ಮಾಡಿರಲಿಲ್ಲ, ಇನ್ನೊಂದು ಬೇಕು.

'ಎಂತ? ಇನ್ನೊಂದು ಬರ್ಬೇಕಾ?' ಬಟ್ಟೆ ಕೆಳಗೆ ಬಿತ್ತು. 'ನೀವು ಎಂತ ಹೇಳುದು ಅಂತ ನಿಮಗೆ ಗೊತ್ತುಂಟಾ? ಒಂದೊಂದು ಬಂದಾಗ್ಲೂ ನನ್ನ ಜೀವ ಹೋಗಿ ಬರ್ತದೆ. ನಿಮಗೆ ಅದು ದೀಪ! ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದು ಆಗಿದ್ರೆ ಹೀಗೆ ಹೇಳ್ತಿದ್ರಾ?'

ನನ್ನ ಮಗನ ಮುಖ ಕಣ್ಣ ಮುಂದೆ ಬಂತು. ಹೇಳುತ್ತಿರಲಿಲ್ಲವೇನೋ.

ಮಂಚದಿಂದ ತೊದಲು ದನಿ ಬಂತು. 'ಅಮ್ಮೇ, ಸಾರಮಿಲ್ಲ. ಒನ್ನು ಕೂಡಿ ವರಟ್ಟೆ.' ಪರವಾಗಿಲ್ಲ, ಇನ್ನೊಂದು ಬರಲಿ ಎಂದು. ತಾಯಿ ಮುಖ ಗೋಡೆಗೆ ತಿರುಗಿಸಿದರು.

ಸಿಟ್ಟಿದ್ದರೆ ನನಗೆ ಕೆಲಸ ಚೆನ್ನಾಗಿ ಆಗುತ್ತದೆ. ಅವತ್ತು ಸಿಟ್ಟು ನನ್ನ ಮೇಲೆಯೇ ಇತ್ತು. ಕ್ಯಾಮರಾವನ್ನು ಬೆಳಕಿನ ನೋಟದಲ್ಲೇ ಬಿಗಿದೆ, ಕೋಣೆಯ ಲೈಟು ಇನ್ನು ಹಗಲೂ ರಾತ್ರಿಯೂ ಉರಿಯಬೇಕೆಂದು ಹೇಳಿದೆ. ಪೆಟ್ಟಿಗೆಯಿಂದ ಎರಡನೆಯ ತಂತಿ ಎಳೆದು ಮಂಚದ ಕಾಲಿನ ಕಡೆ ಎತ್ತರದಲ್ಲಿ ಇನ್ನೊಂದು ದೀಪ ಕಟ್ಟಿದೆ. ಎರಡೂ ಒಟ್ಟಿಗೆ ಹೊತ್ತುತ್ತವೆಯೇ ಎಂದು ಅಳೆದೆ. ಎರಡನೆಯದು ಮಂಕಾಗಿತ್ತು, ತಂತಿ ಉದ್ದವಾಗಿ ಕರೆಂಟು ಸಾಲುತ್ತಿರಲಿಲ್ಲ. ಪ್ರತಿರೋಧ ಬದಲಿಸಿ ಬೆಸುಗೆ ಹಾಕಿದೆ. ಇಷ್ಟಾದ ಮೇಲೆ ಟೆಕ್ನಿಷಿಯನ್, 'ಆ ಕೀಗಳನ್ನು ಅವರ ಕೈಯಿಂದ ತೆಗೆದಿಡೋಣ' ಎಂದ.

'ಬೇಡ,' ಎಂದೆ. 'ಕೀ ತೆಗೆದರೆ ಬರಿಗೈಯಲ್ಲೇ ಓಡ್ತಾರೆ. ಎಲ್ಲಿ ನಿಲ್ಲಬೇಕು ಅಂತಷ್ಟೇ ಹೇಳೋಣ.'

ಮಂಚದ ಎಡಗಡೆ ನೆಲಕ್ಕೆ ಹಳದಿ ಟೇಪು ಅಂಟಿಸಿದೆ. ಕುರ್ಚಿಯನ್ನೂ ಗುಂಡಿಯನ್ನೂ ಅಲ್ಲಿಗೆ ತಂದೆ. ತಾಯಿಯನ್ನು ನೋಡಿ, 'ಅವಳಿಗೆ ಕೀ ಕೊಡಿ. ಎಡಗೈಗೆ ಕೊಡಿ. ಈ ಕಡೆಯಿಂದ' ಎಂದೆ. ಆಕೆ ನನ್ನನ್ನು ನೋಡದೆ ಗೊಂಚಲನ್ನು ದಿಂಬಿನ ಬಲದಿಂದ ಎಡಕ್ಕೆ ಸರಿಸಿದರು.

ಆ ರಾತ್ರಿ ಉಳ್ಳೂರಿನ ಲಾಡ್ಜಿನಲ್ಲಿ ಉಳಿದೆ. ಬೆಳಿಗ್ಗೆ ಬಂದಾಗ ಹುಡುಗಿಯ ಕಣ್ಣು ಕೆಂಡವಾಗಿತ್ತು. ನಿದ್ದೆಗೆಟ್ಟರೆ ಫಿಟ್ಸ್ ಬೇಗ ಬರುತ್ತದೆಂದು ಅವಳನ್ನು ಮಲಗಲು ಬಿಟ್ಟಿರಲಿಲ್ಲ. ತಾಯಿಯೂ ಮಲಗಿರಲಿಲ್ಲ. ಬೆಳಗ್ಗಿನ ತಿಂಡಿಯ ಪುಟ್ಟು ತಟ್ಟೆಯಲ್ಲಿ ಹಾಗೇ ಒಣಗಿತ್ತು.

ಕಾಯುವುದು. ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂದು ಯೋಚಿಸಿದರೆ ಹೇಸಿಗೆಯಾಗುತ್ತಿತ್ತು. ನಾನು ಪರದೆಯ ಮೇಲಿನ ಮಿಡಿತಗಳನ್ನು ನೋಡುತ್ತಾ ಕೂತೆ. ಒಂದು, ಆಮೇಲೆ ಇನ್ನೊಂದು, ಆಮೇಲೆ ಇನ್ನೊಂದು. ಆಮೇಲೆ ಬರಲಿಲ್ಲ.

ನಿಮಿಷ ದಾಟಿತು. ಇಲ್ಲ. ಇನ್ನೊಂದು ನಿಮಿಷ. ಕೋಣೆಯ ಕೆಂಪು ದೀಪಗಳೂ ಮಿನುಗಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಸೀರಿಯಲ್ ಸಂಪರ್ಕವೇ ಮಾಯ! ಕೇಬಲ್ ಇದೆ, ಪೆಟ್ಟಿಗೆಗೆ ಕರೆಂಟಿದೆ, ಸಂಪರ್ಕ ಮಾತ್ರ ಪಟ್ಟಿಯಲ್ಲೇ ಇಲ್ಲ. 'ಈಗ ಬಂದುಬಿಟ್ಟರೆ?' ಎಂದ ಟೆಕ್ನಿಷಿಯನ್. 'ಬಾಯ್ಮುಚ್ಚಪ್ಪಾ' ಎಂದು ಕನ್ನಡದಲ್ಲೇ ಹೇಳಿದೆ, ಅರ್ಥವಾಯಿತು ಅವನಿಗೆ. ಬೆವರಿನಲ್ಲಿ ಮೌಸ್ ಜಾರುತ್ತಿತ್ತು. ಕಂಪ್ಯೂಟರ್ ಕರೆಂಟು ಉಳಿಸಲೆಂದು ಕೇಬಲ್ ಸಿಕ್ಕಿಸುವ ಕಿಂಡಿಯನ್ನೇ ನಿದ್ದೆಗೆ ಹಾಕಿತ್ತು. ಹುಡುಗಿಗೆ ನಿದ್ದೆಯಿಲ್ಲ, ಅಮ್ಮನಿಗಿಲ್ಲ, ನನಗಿಲ್ಲ, ಇದಕ್ಕೊಂದು ಜೋಂಪು! ಆ ಉಳಿತಾಯದ ಆಯ್ಕೆಯನ್ನು ಕಿತ್ತುಹಾಕಿ, ಕೇಬಲ್ ಕಳಚಿ ಸಿಕ್ಕಿಸಿ, ಸಂಪರ್ಕ ತೆರೆದೆ. ಪೆಟ್ಟಿಗೆ ಸತ್ತು ಹುಟ್ಟಿತು. 'ಸಿದ್ಧ' ಎಂದಿತು. ಮಿಡಿತ ಬಂತು.

ಮಧ್ಯಾಹ್ನವಾಯಿತು. ಡಾಕ್ಟರು ಒಮ್ಮೆ ಬಂದು ಗಡಿಯಾರ ನೋಡಿ ಹೋದರು. ಸಂಜೆಗೆ ಮಾತ್ರೆ ಶುರುವಾದರೆ ಎಲ್ಲ ಮುಗಿದ ಹಾಗೆ. ತಿಂಗಳುಗಟ್ಟಲೆ ಕಾದು ಮತ್ತೆ ತಂತಿ, ಮತ್ತೆ ಮಾತ್ರೆ ನಿಲ್ಲಿಸುವುದು, ಮತ್ತೆ ಈ ಕೋಣೆ. ಹುಡುಗಿ ಕೂತಲ್ಲೇ ತೂಗುತ್ತಿದ್ದಳು. ತಾಯಿ ಅವಳನ್ನು ಎಚ್ಚರವಿಡಲು ಏನೋ ಹೇಳುತ್ತಿದ್ದರು, ಸ್ಕೂಟರಿಗೆ ಯಾವ ಬಣ್ಣ ಎಂದು ಕೇಳುತ್ತಿದ್ದದ್ದು ಸ್ಪೀಕರಿನಲ್ಲಿ ನನಗೆ ಕೇಳಿಸಿತು.

ಹುಡುಗಿ ಉತ್ತರ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ.

ಪರದೆಯ ಒಂದು ಮೂಲೆಯಲ್ಲಿ ಎರಡು ಗೆರೆ ಚಿಕ್ಕ ಹಲ್ಲುಗಳ ಹಾಗೆ ನಡುಗಲು ಶುರುವಾದವು. ತಾಯಿ ಗುಂಡಿ ಒತ್ತಿದರು. ಕೀ ಎತ್ತಿಕೊಂಡವರು ಮಂಚ ಸುತ್ತಿ ಬಲಕ್ಕೆ ಓಡುವ ಹಾಗೆ ಒಂದು ಹೆಜ್ಜೆ ಇಟ್ಟರು. ನಾನು ಕೋಣೆಗೆ ಮಾತಾಡುವ ಮೈಕಿನ ಗುಂಡಿಯನ್ನು ಗುದ್ದಿ ಹಿಡಿದು ಕೂಗಿದೆ: 'ಎಡಕ್ಕೆ! ಎಡಕ್ಕೇ ಇರಿ ಅಮ್ಮಾ!'

ಆಕೆ ನಿಂತರು. ಹಿಂದಕ್ಕೆ ಬಂದರು. ಟೇಪಿನ ಮೇಲೆ ಮಂಡಿಯೂರಿ ಮಗಳ ಎಡಗೈಗೆ ಗೊಂಚಲು ಕೊಟ್ಟು ಹಿಡಿದುಕೊಂಡರು. ಬಲಗೈ ಕ್ಯಾಮರಾಕ್ಕೆ ತೆರೆದಿತ್ತು. ಬೆರಳುಗಳು ಒಂದೊಂದಾಗಿ ಸೆಟೆದುಕೊಂಡವು. ನಿಮಿಷದ ಅಪ್ಪಣೆಯೂ ಆಗಲೇ ಬಂತು: ತಲೆಯ ಕಡೆ ಒಂದು ಕೆಂಪು, ಕಾಲಿನ ಕಡೆ ಒಂದು ಕೆಂಪು, ಪರದೆಯಲ್ಲಿ ಎತ್ತರದ ಮಿಡಿತ, ಎಲ್ಲ ಒಟ್ಟಿಗೆ.

'ಬಂತು!' ಎಂದು ಎದ್ದು ನಿಂತು ಕೂಗಿದೆ. 'ಬಂತು ಬಂತು, ಎಷ್ಟು ಚೆನ್ನಾಗಿ ಬಂತು!'

ಟೆಕ್ನಿಷಿಯನ್ ನನ್ನ ಕೈ ಹಿಡಿದು ಮೆಲ್ಲಗೆ ಎತ್ತಿದ. ನನ್ನ ಬೆರಳು ಇನ್ನೂ ಮೈಕಿನ ಗುಂಡಿಯ ಮೇಲಿತ್ತು. ವಿಡಿಯೋದಲ್ಲಿ ಹುಡುಗಿಯ ಮೈಯೆಲ್ಲ ಅದುರುತ್ತಿತ್ತು. ನರ್ಸು ಇಂಜೆಕ್ಷನ್ ಹಿಡಿದು ಓಡುತ್ತಿದ್ದಳು. ನಾನು ಅಷ್ಟು ಹೊತ್ತು ದೀಪ ನೋಡುತ್ತಿದ್ದೆ, ಆ ಮಗುವನ್ನು ನೋಡಿರಲೇ ಇಲ್ಲ. ಕುಸಿದು ಕೂತೆ. ಛೀ ಅನ್ನಿಸಿತು.

ಇಂಜೆಕ್ಷನ್‌ಗೆ ಅದು ನಿಂತಿತು. ಕೂಡಿಸಿ ನೋಡಿದೆ. ಮೊದಲಿನ ಗುರುತು, ನಡುವಿನವು, ಆಮೇಲಿನವು, ಎಲ್ಲ ಹೊಂದಿದವು, ಒಂದು ಚಿತ್ರವೂ ಕಳೆದಿರಲಿಲ್ಲ. ಡಾಕ್ಟರು ನನ್ನ ಪಕ್ಕದಲ್ಲಿ ಕೂತು ಹಿಂದಕ್ಕೂ ಮುಂದಕ್ಕೂ ಎಷ್ಟೋ ಸಲ ಓಡಿಸಿದರು. ಅಲೆ ಮೊದಲು. ಬೆರಳು ಆಮೇಲೆ. ಸಂಶಯಕ್ಕೆ ಜಾಗವಿರಲಿಲ್ಲ. 'ಸರ್ಜನ್ ಜೊತೆ ಕೂರುತ್ತೇವೆ. ಮಾಡಬಹುದು ಅಂತ ನನಗನ್ನಿಸುತ್ತದೆ,' ಎಂದರು. ಎದ್ದು ಹೋಗಿ ಮಾತ್ರೆ ಶುರು ಮಾಡಲು ಹೇಳಿದರು.

ತಪ್ಪಾಯಿತು ಎನ್ನಲು ಕೋಣೆಗೆ ಹೋದೆ. ಹುಡುಗಿ ಗಾಢ ನಿದ್ದೆಯಲ್ಲಿದ್ದಳು. ತಾಯಿ ಇನ್ನೂ ಟೇಪಿನ ಮೇಲೆಯೇ ನೆಲಕ್ಕೆ ಕೂತಿದ್ದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ತಲೆಯಾಡಿಸಿದರು.

'ನಾನು ಕೂಗಿದ್ದು...' ಎಂದೆ.

'ಕೇಳಿತು.'

'ತಪ್ಪಾಯ್ತಮ್ಮಾ. ನನಗೆ ಗೊತ್ತಾಗಲಿಲ್ಲ.'

ಅವರು ನನ್ನನ್ನು ನೋಡಲಿಲ್ಲ, ಮಗಳನ್ನು ನೋಡುತ್ತಲೇ ಮಾತಾಡಿದರು. 'ಇಷ್ಟು ವರ್ಷ ಬರ್ಬಾರ್ದು, ಬರ್ಬಾರ್ದು ಅಂತ ಎಷ್ಟು ದೇವರ ಕಾಲು ಹಿಡಿದಿದ್ದೇನೆ ನಾನು. ಮಧೂರಿಗೆ ಹೇಳಿಕೊಂಡೆ, ಧರ್ಮಸ್ಥಳಕ್ಕೆ ಹೇಳಿಕೊಂಡೆ. ನಿನ್ನೆಯಿಂದ ಅದೇ ದೇವರ ಹತ್ರ ಒಮ್ಮೆ ಬರ್ಲಿ, ಬೇಗ ಬರ್ಲಿ ಅಂತ ಕೂತಿದ್ದೆ. ಅವಳ ಬಾಯಿ ನಿಂತಿತಲ್ಲ, ಆಗ ನನಗೆ ಖುಷಿ ಆಯ್ತು ಮಾರಾಯ್ತಿ. ಸತ್ಯ ಹೇಳ್ತೇನೆ. ಹೆತ್ತವಳಿಗೆ ಖುಷಿ ಆಗ್ಬಹುದಾ ಅದರಲ್ಲಿ? ನೀವು ಮೈಕಿನಲ್ಲಿ ಕೂಗಿದ್ರಿ. ನಾನು ಒಳಗೆ.'

ನಾನೂ ನೆಲಕ್ಕೆ ಕೂತೆ. ಇಬ್ಬರೂ ಅತ್ತೆವು, ಸದ್ದಿಲ್ಲದೆ, ಅವಳು ಏಳಬಾರದೆಂದು.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ಅರೆಗಣ್ಣು ಬಿಟ್ಟಳು. ಫಿಟ್ಸ್ ಬಂದವರಿಗೆ ಅದರ ನೆನಪು ಇರುವುದಿಲ್ಲ. ಸುತ್ತ ನೋಡಿ, ಒಣಗಿದ ನಾಲಿಗೆಯಲ್ಲಿ ಕೇಳಿದಳು:

'ವನ್ನೋ ಅಮ್ಮೇ?' ಬಂತಾ ಎಂದು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. 'ಬಂತು ಮಗಾ,' ಎಂದರು. 'ಒಳ್ಳೇದು ಬಂತು.'

ಹುಡುಗಿ ನಕ್ಕು ಕಣ್ಣು ಮುಚ್ಚಿದಳು.